ಗೀರಿಗೆ ಮಸಿ

ಬತುಮಿಯ ಕಡಲದಂಡೆಯಲ್ಲಿ ಮರಳಿಲ್ಲ,
ಬರೀ ಉರುಟು ಕಲ್ಲು.
ಅದರ ಮೇಲೆ ಬಿದ್ದದ್ದು ಮದುಮಗಳ ಹೂವಲ್ಲ,
ನಜಿಬ್ರೋಲಾಳ ಲೆನ್ಸು.

ಕುಣಿಯುತ್ತಿದ್ದ ಯಾರದೋ ಮೊಣಕೈ ತಾಗಿ
ಪಟ್ಟಿ ಜಾರಿ
ಒಂದು ಸಲ ಠಣ್,
ಆಮೇಲೆ ಠಕ್.
ಎರಡನೆಯ ಸದ್ದಿಗೇ ಅವಳಿಗೆ ತಿಳಿದುಹೋಯಿತು.
ಆದರೂ ಕತ್ತಲಾಗುವ ತನಕ ಅದರಲ್ಲೇ ತೆಗೆದಳು,
ಬೇರೆ ಇದ್ದರೆ ತಾನೇ?

ರಾತ್ರಿ ನೋಡಿದರೆ
ಸೂರ್ಯನಿಗೆ ಮುಖ ಕೊಟ್ಟವರು ಚೆನ್ನಾಗಿಯೇ ಬಂದಿದ್ದಾರೆ.
ಬೆನ್ನು ಕೊಟ್ಟವರ ಮೇಲೆಲ್ಲ
ಯಾರೋ ಹಾಲಿನ ಚೊಂಬು ಒದ್ದ ಹಾಗೆ ಬಿಳಿ.
ಮದುಮಗಳ ಸೋದರತ್ತೆಗೆ
ಗಲ್ಲವೇ ಇಲ್ಲ.

ಹೊಸದರ ಬೆಲೆ ಕೇಳಿದಳು. ಕೇಳಿ,
ಅಂಗಡಿಯವನ ಮಕ್ಕಳ ಕ್ಷೇಮ ವಿಚಾರಿಸಿ,
ಮೆಲ್ಲಗೆ ಹೊರಗೆ ಬಂದಳು.

ತಿಬಿಲಿಸಿಯಲ್ಲಿ ರಸ್ತೆಯ ಕೆಳಗೊಂದು ಸುರಂಗ,
ಕಾಲುಚೀಲ ಮಾರುವವಳು, ಬೀಗದ ಕೈ ಕೊರೆಯುವವನು,
ಅವರನ್ನು ದಾಟಿದರೆ
ಮಿಣಮಿಣ ಟ್ಯೂಬ್‌ಲೈಟಿನಡಿ ಓತಿಯಾ,
ಜಾಮಿನ ಬಾಟಲಿಗಳ ತುಂಬ
ಸಾಸಿವೆ ಕಾಳಿನಂಥ ಸ್ಕ್ರೂ.
ತೆಂಗಿನಕಾಯಿ ಕೊಳ್ಳುವವರ ಹಾಗೆ
ಲೆನ್ಸನ್ನು ಕಿವಿಗೆ ಹಿಡಿದು ಅಲುಗಿಸಿದ.

"ಒಳಗೆ ಏನೂ ಕಳಚಿಲ್ಲ. ಗೀರು ಮುಂದಿನ ಗಾಜಿಗೆ. ಪುಣ್ಯ.
ಮುಂದಿನದು ಏಟು ತಿಂದರೂ ತಡೆದುಕೊಳ್ಳುತ್ತದೆ.
ಹಿಂದಿನದಕ್ಕೆ ಆಗಿದ್ದರೆ ಇಷ್ಟು ಹೊತ್ತಿಗೆ
ಪ್ರತಿ ಪಟದಲ್ಲೂ ಬಂದು ಕೂತಿರುತ್ತಿತ್ತು."

"ಬದಲಿಸಿಬಿಡಿ."

ಅವನು ಡ್ರಾಯರ್ ಎಳೆದ.
ಸತ್ತವರ ಪೆಟ್ಟಿಗೆ ಅದು: ಬೂಷ್ಟು ಹಿಡಿದದ್ದು,
ತಿರುಗದೆ ಬಿಗಿದುಕೊಂಡದ್ದು,
ಯಾರದೋ ಹೆಸರು ಕೆತ್ತಿ ಅಳಿಸಿದ್ದು.
"ಇದರ ಮುಂಗಾಜು ಚೊಕ್ಕವಾಗಿದೆ. ನೂರ ಎಂಬತ್ತು ಲಾರಿ.
ಒಂದು ಮಾತು ಮಾತ್ರ.
ನಿನ್ನದರಲ್ಲಿ ಆರು ಗಾಜು, ಒಂದನ್ನೊಂದು ನೋಡುತ್ತ ಕೂತು
ಮೂವತ್ತು ವರ್ಷ ಆಗಿದೆ.
ನಡುವೆ ಹೊಸಬಳನ್ನು ತಂದರೆ
ಪಟದ ಯಾವುದೋ ಒಂದು ಮೂಲೆ ಮುನಿಸಿಕೊಳ್ಳುತ್ತದೆ.
ಯಾವ ಮೂಲೆ ಅಂತ ಈಗಲೇ ಹೇಳಲಾರೆ."

ಆಮೇಲೆ, ತಾನೇ ನಾಚಿದವನಂತೆ,
"ಹದಿನೈದು ಲಾರಿಯ ದಾರಿಯೂ ಇದೆ."

ಮೂರೇ ಕೂದಲಿನ ಕುಂಚ. ಕರಿಯ ಶಾಯಿ.
ಉಸಿರು ಹಿಡಿದು, ನಾಲಿಗೆ ತುದಿ ಕಚ್ಚಿ,
ಗೀರಿನ ಉದ್ದಕ್ಕೂ ಕಪ್ಪು ತುಂಬಿದ.
"ಇಷ್ಟು ದಿನ ಬೆಳಕನ್ನು ಹಿಡಿದು ಎಲ್ಲೆಲ್ಲಿಗೋ ಎಸೆಯುತ್ತಿತ್ತು.
ಇನ್ನು ನುಂಗುತ್ತದೆ."

"ಮುಖಕ್ಕೆ ಮಸಿ ಬಳಿಸಿಕೊಳ್ಳಲು
ಐದು ತಾಸು ರೈಲಿನಲ್ಲಿ ಬಂದ ಹಾಗಾಯಿತು" ಅಂದಳು ನಜಿಬ್ರೋಲಾ.
ನಗುವನ್ನು ಅವನು ಮೂಗಿನಿಂದಲೇ ಕಳಿಸಿದ,
ಶಾಯಿ ಇನ್ನೂ ಹಸಿ.

ಒಣಗುವ ತನಕ ಚಹಾ.
"ನನ್ನ ಎಡಗಣ್ಣಿನದು ಹೋದ ಚಳಿಗಾಲ ಬದಲಿಸಿದರು.
ಬಲಗಣ್ಣಿನದು ಅವ್ವ ಕೊಟ್ಟದ್ದೇ."
ಒಂದು ಕಣ್ಣು ಮುಚ್ಚಿ ಎದುರಿನ ಅಂಗಡಿ ನೋಡಿದ,
ಅದನ್ನು ತೆರೆದು ಇನ್ನೊಂದು ಮುಚ್ಚಿದ.
"ಎಡದಲ್ಲಿ ಆ ಕಾಲುಚೀಲ ನೀಲಿ, ಕಡುನೀಲಿ.
ಬಲದಲ್ಲಿ ಈ ಚಹಾಕ್ಕೆ ಅದ್ದಿ ತೆಗೆದ ಹಾಗೆ.
ಯಾವುದು ದಿಟ ಅಂತ ಅವಳನ್ನೇ ಕೇಳಿದೆ.
'ಕೊಳ್ಳುವುದಿದ್ದರೆ ಹೇಳು' ಅಂದಳು."

ಸುರಂಗದ ಬಾಯಲ್ಲಿ, ಮೆಟ್ಟಿಲ ಮೇಲೆ,
ಬಿಸಿಲಿಗೆ ಬೆನ್ನು ಕೊಟ್ಟು ಬರುವವರನ್ನು
ಒಂದೊಂದಾಗಿ ತೆಗೆದು ನೋಡಿದಳು.
ರೊಟ್ಟಿ ಹೊತ್ತ ಹುಡುಗನಿಗೆ ಗಲ್ಲ ಇತ್ತು.
ಮುದುಕನ ಗಡ್ಡದ ಒಂದೊಂದು ಎಳೆಯೂ ಇತ್ತು.
ಹಾಲು ಪೂರ್ತಿ ಇಂಗಿರಲಿಲ್ಲ, ಅಂಚಿನಲ್ಲಿ ಒಂದಿಷ್ಟು,
ಪರವಾಗಿಲ್ಲ.

ತಿರುಗುವ ರೈಲಿನಲ್ಲಿ
ಲೆನ್ಸನ್ನು ತನ್ನ ಕಡೆ ಹೊರಳಿಸಿದಾಗ
ಗಾಜಿನ ಕೆನ್ನೆಯ ಮೇಲೆ ಆ ಕಪ್ಪು,
ಕೂಸಿಗೆ ಇಟ್ಟ ದೃಷ್ಟಿಬೊಟ್ಟಿನಂತೆ,
ಒಂದಿಷ್ಟು ಓರೆ.

ಭಾನುವಾರ ಸೋದರತ್ತೆಯನ್ನು ಮತ್ತೆ ದಂಡೆಗೆ ಕರೆಸಬೇಕು,
ಅದೇ ಕಿವಿಯೋಲೆ ಹಾಕಿಸಬೇಕು,
ಸೂರ್ಯನಿಗೆ ಬೆನ್ನು ಕೊಟ್ಟೇ ನಿಲ್ಲಿಸಬೇಕು.
ಏನು ನೆಪ ಹೇಳುವುದು?

ಚೀಲದಲ್ಲಿ, ಮೂರು ಲಾರಿ ಕೊಟ್ಟು ತಂದ
ಒಂದು ಜೊತೆ ಕಾಲುಚೀಲ.
ರೈಲಿನ ದೀಪದಲ್ಲಿ
ಬಣ್ಣ ಸರಿಯಾಗಿ ಗೊತ್ತಾಗುತ್ತಿಲ್ಲ.